ಮದರಾಸು ಎಂದು ಬರೆದಿದ್ದ ಕಾಗದ

ಕಳೆದ ಆಷಾಢದಲ್ಲಿ ಎರಡು ದಿನದ ತರಬೇತಿಗೆಂದು ಜಗಳೂರಿಗೆ ಹೋಗಬೇಕಾಯಿತು. ಬಸ್ಸಿನಿಂದ ಕೆಳಗೆ ಕಾಲಿಡುತ್ತಿದ್ದಂತೆ ಗಾಳಿ ಮುಖಕ್ಕೆ ಮಣ್ಣೆರಚಿತು. ಮಳೆ ಇನ್ನೂ ಕಾಣದ, ಆಗತಾನೆ ಹರಗಿದ ಹೊಲದ ಒಣ ಮಣ್ಣಿನ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಬಸ್‌ ನಿಲ್ದಾಣದಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದೆ. ಬಿಳಿ ಟೋಪಿ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಹಾಗಿರುವವರು ಯಾರಾದರೂ ಇದ್ದಾರೆಯೇ? ದುರುಗಪ್ಪ ಅಲ್ಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಆಟೋ ಹತ್ತಿದೆ.

ಆ ಊರಿನಲ್ಲಿ ನಾನು ಒಂದೇ ಒಂದು ವರ್ಷ ಕೆಲಸ ಮಾಡಿದ್ದು. ವಿಜಯನಗರ ಎಂಬ ಹೊಸ ಜಿಲ್ಲೆಯಾದ ಮಾರನೆಯ ವರ್ಷ. ನನ್ನೂರು ಚನ್ನಗಿರಿ ತಾಲ್ಲೂಕಿನ ನಲ್ಲೂರು, ನಾಲೆ ನೀರಿನ ಸೀಮೆ. ಜಗಳೂರಿಗೆ ವರ್ಗವಾಗಿದೆ ಎಂದಾಗ ಜೊತೆಯವರಲ್ಲಿ ಒಬ್ಬಳು, "ಅದು ಆಂಧ್ರದ ಗಡಿಯಲ್ವೇನೇ?" ಎಂದಳು. ಇನ್ನೊಬ್ಬಳು, "ಗಡಿಯೇನು, ಬಳ್ಳಾರಿಗೇ ಸೇರಿದ್ದು" ಎಂದು ಸೇರಿಸಿದಳು. ಜಗಳೂರಿಗೆ ಬಂದರೆ ಮನೆ ಬಾಡಿಗೆಗೆ ಕೊಟ್ಟ ಗಂಗಮ್ಮನಿಗೆ ಚನ್ನಗಿರಿ ಎಂದರೆ ಆಗುಂಬೆಯ ಪಕ್ಕದಲ್ಲೆಲ್ಲೋ ಇರುವ ಊರು. "ಮಲೆನಾಡಿನೋರು ನೀವು, ಈ ಬಿಸಿಲಿಗೆ ಹೆಂಗೆ ತಡೀತೀರಿ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ನಮ್ಮೂರಲ್ಲಿಯೂ ಬಿಸಿಲು ಹೀಗೇ ಇರುತ್ತದೆ ಎಂದರೆ ನಂಬುತ್ತಿರಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಿದ್ದರು.

ಕಚೇರಿಯ ಹೆಸರು ಇಲ್ಲಿ ಬೇಡ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರ ಕಾಗದಪತ್ರಗಳು ನಿಜವೋ ಸುಳ್ಳೋ ಎಂದು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ನಾನು ಕೇಸ್ ವರ್ಕರ್. ನನ್ನ ಮೇಲೆ ರುದ್ರಮುನಿ ಎಂಬ ಮ್ಯಾನೇಜರು, ಅವರ ಮೇಲೆ ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವ ಸಾಹೇಬರು. ಆಷಾಢದ ಗಾಳಿಗೆ ಕಿಟಕಿ ತೆರೆದರೆ ಕಡತಗಳು ಹಾರುತ್ತಿದ್ದವು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಪ್ರತಿ ಮೇಜಿನ ಮೇಲೂ ಹಳ್ಳದಿಂದ ಆರಿಸಿ ತಂದ ಮುಷ್ಟಿ ಗಾತ್ರದ ಕಲ್ಲುಗಳು.

ರುದ್ರಮುನಿಯವರು ಮೊದಲ ದಿನವೇ ನನಗೆ ಪಾಠ ಹೇಳಿದರು. "ನೋಡಮ್ಮ ಗಿರಿಜಾ, ಕಾಗದ ಕೈಗೆ ಬಂದ ಕೂಡ್ಲೆ ಇದು ಸುಳ್ಳು ಅಂತ ಅನ್ಕೋ. ನಿಜ ಅಂತ ತೋರ್ಸೋದು ತಂದೋರ ಕೆಲಸ. ನಮ್ದಲ್ಲ."

ಎರಡನೆಯ ತಿಂಗಳಲ್ಲೇ ನನಗೊಂದು ಬೇಟೆ ಸಿಕ್ಕಿತು. ಒಬ್ಬ ಅಭ್ಯರ್ಥಿ ತಂದಿದ್ದ ಹಳೆಯ ಅಂಕಪಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಮಡಿಕೆಯ ಒಳಗೂ ಅಷ್ಟೇ ಕಂದು. ಏಕೋ ಅನುಮಾನ ಬಂದು ಮೂಸಿ ನೋಡಿದರೆ ಏಲಕ್ಕಿ ವಾಸನೆ. ಹಳೆಯದಾಗಿ ಕಾಣಲೆಂದು ಪುಣ್ಯಾತ್ಮ ಅದನ್ನು ಚಹಾದಲ್ಲಿ ಅದ್ದಿದ್ದ. ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. ಅಲ್ಲಿಂದ ನನಗೆ ಅದೇ ಚಟವಾಯಿತು. ಕಾಗದವಿರಲಿ, ಹಾಲಿನವಳ ಅಳತೆ, ಎದುರುಮನೆಯವರ ನಗು, ಗಂಗಮ್ಮ ನನ್ನ ಕೋಣೆಯ ಬಳಿ ಸುಳಿದದ್ದು ಎಲ್ಲದರಲ್ಲೂ ಏನೋ ಇದೆ ಅನ್ನಿಸತೊಡಗಿತು.

ಆ ಹೊತ್ತಿನಲ್ಲಿ ಸುಮಿತ್ರಾಳ ಕಡತ ಬಂತು. ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ಆಯ್ಕೆಯಾದ ಹುಡುಗಿ. ಊರು ಹರಪನಹಳ್ಳಿ ತಾಲ್ಲೂಕಿನ ಕೊನೆಯ ಅಂಚಿನಲ್ಲಿ, ಒಂದು ಹಳ್ಳ ದಾಟಿದರೆ ನಮ್ಮ ಜಗಳೂರು ತಾಲ್ಲೂಕು. ಅವಳ ಜಾತಿ ಪ್ರಮಾಣಪತ್ರ ಆ ಊರು ದಾವಣಗೆರೆ ಜಿಲ್ಲೆಯಲ್ಲಿದ್ದ ಕಾಲದ್ದು, ಆದ್ದರಿಂದ ಕಡತ ನಮ್ಮಲ್ಲಿಗೆ ಬಂದಿತ್ತು. ಕುಟುಂಬ ತಲೆಮಾರಿನಿಂದ ಅದೇ ಊರಲ್ಲಿತ್ತು ಎನ್ನಲು ಅವಳು ಐದು ಕಾಗದ ಲಗತ್ತಿಸಿದ್ದಳು. ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟು ನೋಡಿದೆ.

ಅಜ್ಜ ಮೈಲಪ್ಪನ ಶಾಲೆಯ ಪತ್ರ: ಬಳ್ಳಾರಿ ಜಿಲ್ಲೆ, ಮದರಾಸು. ಅಪ್ಪ ದುರುಗಪ್ಪನ ಪತ್ರ: ಬಳ್ಳಾರಿ ಜಿಲ್ಲೆ, ಮೈಸೂರು ರಾಜ್ಯ. ಅವಳ ಹತ್ತನೇ ತರಗತಿಯ ಅಂಕಪಟ್ಟಿ: ದಾವಣಗೆರೆ ಜಿಲ್ಲೆ, ಕರ್ನಾಟಕ. ತಮ್ಮನ ಪಿಯುಸಿ ಕಾಗದ: ಮತ್ತೆ ಬಳ್ಳಾರಿ. ಹೊಸದಾಗಿ ತೆಗೆಸಿದ ರೇಷನ್ ಕಾರ್ಡು: ವಿಜಯನಗರ ಜಿಲ್ಲೆ. ಊರಿನ ಹೆಸರು ಐದರಲ್ಲೂ ಒಂದೇ. ಅಜ್ಜನ ಪತ್ರದ ಮೊಹರು ಅರ್ಧ ಅಳಿಸಿಹೋಗಿ ಅಕ್ಷರ ತೆಲುಗೋ ಕನ್ನಡವೋ ತಿಳಿಯುತ್ತಿರಲಿಲ್ಲ.

ಒಂದೇ ಮನೆಯವರು ಐದು ಕಾಗದದಲ್ಲಿ ಇಷ್ಟು ಕಡೆ ಹೇಗಿರಲು ಸಾಧ್ಯ? ರುದ್ರಮುನಿಯವರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಮದರಾಸು ಅಂದ್ರೆ ತಮಿಳುನಾಡು. ಅಲ್ಲಿಂದ ಕೆಲ್ಸಕ್ಕೆ ಬಂದೋರು, ಇಲ್ಲಿ ಜಾತಿ ಸರ್ಟಿಫಿಕೇಟ್ ತಗಂಡಾರೆ. ಬೇರೆ ರಾಜ್ಯದೋರಿಗೆ ಇಲ್ಲಿ ಮೀಸಲಾತಿ ಇಲ್ಲ. ಬರಿ ನೋಟು."

ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಾನು ಪದವಿಯಲ್ಲಿ ಇತಿಹಾಸ ಓದಿದವಳು. ಬಳ್ಳಾರಿ ಸೀಮೆ ಮೊದಲು ಮದರಾಸಿಗೆ ಸೇರಿತ್ತು, ಆಮೇಲೆ ಮೈಸೂರಿಗೆ ಬಂತು, ಎಲ್ಲ ಕೂಡಿ ಮುಂದೆ ಕರ್ನಾಟಕವಾಯಿತು ಎಂದು ಐದು ಅಂಕದ ಪ್ರಶ್ನೆಗೆ ಇಸವಿ ಸಮೇತ ಉತ್ತರ ಬರೆದು ಐದಕ್ಕೆ ಐದು ತೆಗೆದಿದ್ದೆ. ಆ ಉತ್ತರಕ್ಕೂ ನನ್ನ ಮೇಜಿನ ಮೇಲಿದ್ದ ಈ ಕಾಗದಕ್ಕೂ ಸಂಬಂಧವಿದೆಯೆಂದು ಹೊಳೆಯಲೇ ಇಲ್ಲ. 'ಮೂಲ ಹೊರರಾಜ್ಯದ್ದೆಂದು ಕಾಣುತ್ತದೆ, ದಾಖಲೆಗಳು ಸಂಶಯಾಸ್ಪದ' ಎಂದು ನೋಟು ಬರೆದೆ.

ಅಲ್ಲಿಂದ ದುರುಗಪ್ಪ ಪ್ರತಿ ಸೋಮವಾರ ಬರತೊಡಗಿದರು. ಅರವತ್ತರ ಆಸುಪಾಸಿನ, ತೆಳ್ಳಗಿನ, ಬಿಳಿ ಟೋಪಿಯ ಮನುಷ್ಯ. ಬೆಂಚಿನ ಮೇಲೆ ಕೂರಿ ಎಂದರೂ ಅಂಚಿನಲ್ಲಿ ಕೂರುತ್ತಿದ್ದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮನೆಯ ಎಲ್ಲ ಕಾಗದಗಳು.

"ಏನಾತ್ರಿ ಮೇಡಮ್ಮಾರೆ, ನಮ್ಮ ಹುಡುಗೀದು?"

"ಪರಿಶೀಲನೆಯಲ್ಲಿದೆ. ನಿಮ್ಮ ತಂದೆ ಮದರಾಸಿಂದ ಯಾವಾಗ ಬಂದ್ರು?"

"ಎಲ್ಲಿಂದನೂ ಬರ್ಲಿಲ್ರಿ."

"ಕಾಗದದಲ್ಲಿ ಮದರಾಸು ಅಂತಿದೆಯಲ್ಲ."

"ಅದು ಹಂಗೇ ಐತ್ರಿ. ಊರು ಇದ್ದಲ್ಲೇ ಐತೆ. ನಾವೂ ಇದ್ದಲ್ಲೇ ಇದೀವಿ. ಜಿಲ್ಲೆಗಳೇ ಓಡಾಡ್ಯಾವೆ ನೋಡ್ರಿ."

ರುದ್ರಮುನಿಯವರು ನಕ್ಕರು. ನಾನೂ ನಕ್ಕೆ. ಮಾತಿನಲ್ಲಿ ಜಾಣ, ಹುಷಾರಾಗಿರಬೇಕು ಎಂದುಕೊಂಡೆ.

ಒಂದು ಸಲ ಸುಮಿತ್ರಾಳೂ ಬಂದಿದ್ದಳು. ದಾವಣಗೆರೆಯ ಯಾವುದೋ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿ ಮುಗಿಸಿ ನೇರ ಬಸ್ ಹತ್ತಿದವಳು, ಕಣ್ಣು ಕೆಂಪಾಗಿದ್ದವು. ಅಪ್ಪನಂತೆ ಅವಳು ಬೆಂಚಿನ ಅಂಚಿನಲ್ಲಿ ಕೂರಲಿಲ್ಲ. ನನ್ನ ಮೇಜಿನ ಮುಂದೆ ಬಂದು ನಿಂತಳು.

"ಮೇಡಂ, ಯಾವ ಕಾಗದ ಕಡಿಮೆ ಐತೆ ಹೇಳ್ರಿ, ತರ್ತೀನಿ. ಅನುಮಾನ ಅಂದ್ರೆ ಏನು ತರ್ಲಿ?"

"ದನಿ ಇಳಿಸಿ ಮಾತಾಡಮ್ಮ" ಎಂದೆ. ಅವಳು ದನಿ ಏರಿಸಿಯೇ ಇರಲಿಲ್ಲ.

ಶ್ರಾವಣದ ಮೊದಲ ವಾರ ರಜೆ ಹಾಕಿ ಅಕ್ಕ ಶೈಲಾಳ ಮನೆಗೆ ಹೋದೆ. ಅವಳನ್ನು ಕೊಟ್ಟದ್ದು ನ್ಯಾಮತಿಗೆ. ಅಲ್ಲಿ ಹಸಿರು, ಜಿಟಿಜಿಟಿ ಮಳೆ, ಬಿಸಿ ಮಂಡಕ್ಕಿ ಒಗ್ಗರಣೆ. ಪೂಜೆಗೆಂದು ಭಾವನ ಕಡೆಯ ನೆಂಟರೂ ಒಂದಿಬ್ಬರು ಬಂದಿದ್ದರು. ಮಾತು ಹೇಗೋ ಊರುಗಳ ಕಡೆಗೆ ಹೊರಳಿತು. ನ್ಯಾಮತಿ ಹೊಸ ತಾಲ್ಲೂಕಾದ ಮೇಲೂ ಕೆಲವು ಕಾಗದ ಹೊನ್ನಾಳಿ ಎಂದೇ ಬರುತ್ತವೆ, ಯಾವುದು ಸರಿಯೋ ಗೊತ್ತಾಗುವುದಿಲ್ಲ ಎಂದು ಭಾವ ಗೊಣಗಿದರು. ಅಕ್ಕನ ಅತ್ತೆ ಹೊದಿಕೆಯೊಳಗಿಂದ, "ನಮ್ಮ ಕಾಲ್ದಾಗೆ ಹೊಳೆ ಆಚೆ ಬೊಂಬಾಯಿ ಸರ್ಕಾರ ಕಣ್ರೇ. ನನ್ನ ತವರು ರಾಣೆಬೆನ್ನೂರು ಕಡೆ ಅಂತ ನಂಗೆ ಬೊಂಬಾಯಾಕೆ ಅಂತಲೇ ಕರೀತಿದ್ರು" ಎಂದರು. ಎಲ್ಲರೂ ನಕ್ಕೆವು. ಅತ್ತೆಯ ಮೂಲ ಮುಂಬಯಿಯೇ ಎಂದು ಯಾರಿಗೂ ಅನುಮಾನ ಬರಲಿಲ್ಲ.

ನಗು ನಿಲ್ಲುವ ಮೊದಲೇ ನಾನು ನನ್ನ ಕಥೆ ತೆಗೆದೆ. ಹೆಸರು ಹೇಳಲಿಲ್ಲ, ಆದರೆ ಉಳಿದದ್ದೆಲ್ಲ ಹೇಳಿದೆ. ನರ್ಸ್ ಕೆಲಸ, ಹರಪನಹಳ್ಳಿ ಅಂಚಿನ ಹಳ್ಳಿ, ಐದು ಕಾಗದ, ಮದರಾಸು. ಹೊಗಳಿಸಿಕೊಂಡ ಅಮಲು ಇನ್ನೂ ಇಳಿದಿರಲಿಲ್ಲ. "ಗಾರೆ ಕೆಲಸಕ್ಕೆ ಬಂದೋರಿರಬೇಕು. ಇಲ್ಲೇ ಉಳ್ಕೊಂಡು ಈಗ ಸರ್ಕಾರಿ ಕೆಲಸಕ್ಕೇ ಕೈ ಹಾಕಿದಾರೆ" ಎಂದೆ. ಅದೇಕೆ ಗಾರೆ ಕೆಲಸ ಎಂದೆನೋ! ಕಡತದಲ್ಲಿ ಹಾಗೇನೂ ಇರಲಿಲ್ಲ. ಮಾತಿಗೆ ರುಚಿ ಬರಲಿ ಎಂದು ಬಾಯಿಗೆ ಬಂದದ್ದು.

ಮರಳಿ ಬಂದ ಹತ್ತು ದಿನಕ್ಕೆ ಕಚೇರಿಗೊಂದು ಮೂಗರ್ಜಿ ಬಂತು. ಸಹಿ ಇಲ್ಲ, ವಿಳಾಸ ಇಲ್ಲ, ದಾವಣಗೆರೆಯ ಅಂಚೆ ಮುದ್ರೆ. ಹರಪನಹಳ್ಳಿ ಅಂಚಿನ ಹಳ್ಳಿಯಿಂದ ನರ್ಸ್ ಹುದ್ದೆಗೆ ಆಯ್ಕೆಯಾದವಳ ಕುಟುಂಬ ಮದರಾಸಿನಿಂದ ಗಾರೆ ಕೆಲಸಕ್ಕೆ ವಲಸೆ ಬಂದದ್ದೆಂದೂ, ಅವಳ ಜಾತಿ ಪತ್ರ ಸುಳ್ಳೆಂದೂ, ಕ್ರಮ ಕೈಗೊಳ್ಳದಿದ್ದರೆ ಮೇಲಿನವರಿಗೆ ದೂರು ಹೋಗುವುದೆಂದೂ ಬರೆದಿತ್ತು. ನನಗೆ ಖುಷಿಯೇ ಆಯಿತು. ನನ್ನ ಅನುಮಾನ ಸರಿಯೆಂದು ಹೊರಗಿನವರೂ ಹೇಳುತ್ತಿದ್ದಾರಲ್ಲ! ಸಾಹೇಬರು ಅದರ ಮೇಲೆ ಹಸಿರು ಶಾಯಿಯಲ್ಲಿ 'ಸ್ಥಳ ತನಿಖೆ ಮಾಡಿ' ಎಂದು ಬರೆದರು. ಅಷ್ಟರಲ್ಲಿ ಸುಮಿತ್ರಾ ಕೆಲಸಕ್ಕೆ ಹಾಜರಾಗಲು ಇದ್ದ ಗಡುವು ಹತ್ತಿರ ಬಂದಿತ್ತು. ದಾಟಿದರೆ ಹುದ್ದೆ ಪಟ್ಟಿಯ ಮುಂದಿನವರಿಗೆ.

ಮೂಗರ್ಜಿಯ ವಿಷಯ ಕಿವಿಗೆ ಬಿದ್ದ ಮೇಲೆ ದುರುಗಪ್ಪನ ಮುಖ ಬದಲಾಯಿತು. "ಯಾರು ಬರೆದಾರ್ರಿ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ನಮ್ಮೂರೋರೇ ಇರ್ಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದು ಹೋದರು.

ತನಿಖೆಗೆ ಹೊರಟ ದಿನ ಗಾಳಿ ಸ್ವಲ್ಪ ತಗ್ಗಿತ್ತು. ಬಸ್ಸು ಹೋಗುವುದು ಜಗಳೂರು ತಾಲ್ಲೂಕಿನ ಕೊನೆಯ ಊರಿನವರೆಗೆ ಮಾತ್ರ. ಅಲ್ಲಿ ಇಳಿದು ಅಂಗಡಿಯೊಂದರಲ್ಲಿ ಸೋಡಾ ಕುಡಿಯುತ್ತಾ, ಮೈಲಪ್ಪನ ಮನೆಯವರು ಗೊತ್ತೇ ಎಂದು ವಿಚಾರಿಸಿದೆ. ಅಂಗಡಿಯ ಅಜ್ಜ ನನ್ನ ಕೈಯಲ್ಲಿದ್ದ ಕಡತವನ್ನೂ ನನ್ನನ್ನೂ ಅಳೆದು ನೋಡಿದರು.

"ಯಾಕ್ರಿ? ಪಿಂಚಣಿ ತೆಗ್ಯಾಕೆ ಬಂದೀರೇನು?"

"ಇಲ್ಲ ಅಜ್ಜಾರೆ, ಸುಮ್ನೆ ವಿಚಾರಣೆ. ಅವರು ಮೂಲತಃ ಎಲ್ಲಿಯವರು?"

"ಅವರಾ? ಮದರಾಸಿನೋರು. ಎಲ್ಲಾರಿಗೂ ಗೊತ್ತೈತೆ."

ನೋಟುಬುಕ್ಕು ತೆಗೆದು ಅವರ ಮಾತನ್ನು ಅಕ್ಷರಶಃ ಬರೆದುಕೊಂಡೆ.

ಅಲ್ಲಿಂದ ಹಳ್ಳ ದಾಟಿ ಅರ್ಧ ಗಂಟೆ ನಡೆದರೆ ಸುಮಿತ್ರಾಳ ಊರು. ಹಳ್ಳದಲ್ಲಿ ನೀರಿರಲಿಲ್ಲ. ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ಮೈಲಪ್ಪನ ಮನೆ ಯಾವುದು ಎಂದಾಗ ಒಬ್ಬಳು, "ಮೈಸೂರಮ್ಮನ ಮನೇನಾ? ಆ ಬೇವಿನ ಮರದ ಹಿಂದೆ" ಎಂದಳು.

"ಮೈಸೂರಮ್ಮ ಯಾರು?"

"ಮೈಲಜ್ಜನ ಹೆಂಡ್ತಿ, ಕೆಂಚಜ್ಜಿ. ಆಕೆ ಮೈಸೂರಾಕೆ ಅಲ್ಲೇನು?"

ಅಲ್ಲೇ ನಿಂತುಬಿಟ್ಟೆ. ಗಂಡ ಮದರಾಸಿನವನು, ಹೆಂಡತಿ ಮೈಸೂರಿನವಳು. ಇಬ್ಬರೂ ಎಲ್ಲೆಲ್ಲಿಂದಲೋ ಬಂದು ಈ ಹಟ್ಟಿಯಲ್ಲಿ ಸೇರಿ, ನಾವು ಎಲ್ಲಿಂದಲೂ ಬಂದಿಲ್ಲ ಎನ್ನುತ್ತಾರೆ! ಸಿಕ್ಕಿಬಿದ್ದರು ಎಂದುಕೊಂಡು ಅದನ್ನೂ ಬರೆದುಕೊಂಡೆ.

ಮನೆಯ ಮುಂದೆ ಕೆಂಚಜ್ಜಿ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದರು. ಎಂಬತ್ತು ದಾಟಿದ ಜೀವ. ದುರುಗಪ್ಪ ಒಳಗಿಂದ ಓಡಿ ಬಂದು ಚಾಪೆ ಹಾಸಿದರು. ನಾನು ಪೀಠಿಕೆಯಿಲ್ಲದೆ ಕೇಳಿದೆ.

"ಅಜ್ಜೀ, ನೀವು ಮೈಸೂರಿನವರಂತೆ, ಹೌದಾ?"

"ಹೂಂ ಯವ್ವಾ."

"ಮೈಸೂರಲ್ಲಿ ಯಾವ ಕಡೆ?"

ಅಜ್ಜಿ ಮೊರ ಕೆಳಗಿಟ್ಟು, ನಾನು ಬಂದ ದಾರಿಯತ್ತ ಕೈ ತೋರಿಸಿದರು. "ನೀನು ಬಸ್ ಇಳಿದು ಬಂದ್ಯಲ್ಲ, ಆ ಊರು ನನ್ನ ತವರು. ಅದು ಮೈಸೂರು ಸೀಮೆ, ಮಾರಾಜರದ್ದು. ಈ ಕಡೆ ದಂಡಿ ಮದರಾಸು ಸೀಮೆ. ನಡುವೆ ಹಳ್ಳ."

ನಾನು ಪೆನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೂತೆ.

"ನನ್ನ ಮದುವಿ ಆದಾಗ ನಂಗೆ ಹನ್ನೆರಡೋ ಹದಿಮೂರೋ. ತವರಿಂದ ಕರ್ಕಂಡು ಬರುವಾಗ ಆ ಹಳ್ಳದ ದಂಡಿ ಮ್ಯಾಲೆ ನಾಕಾ ಇತ್ತು. ಆ ಸರ್ಕಾರದ ಕಾಳುಕಡಿ ಈ ಸರ್ಕಾರಕ್ಕೆ ತರಂಗಿಲ್ಲ ಅಂತ ಕಟ್ಟು ಮಾಡಿದ್ರು. ಪೊಲೀಸಪ್ಪ ನನ್ನ ನೋಡಿ, ಉಡಿಯಾಗೆ ಏನೈತೆ ಅಂದ. ಮಡ್ಲಕ್ಕಿ ಅಂತ ನಮ್ಮವ್ವ ಹೇಳಿದ್ಲು. ಅನುಮಾನ ಬಂತು ಅವ್ನಿಗೆ. ಕಳ್ಳಕ್ಕಿ ಸಾಗಿಸ್ತಾರೆ ಅಂತ ಎಲ್ರ ಮುಂದೆ ಬಿಚ್ಚಿಸಿದ. ಅರ್ಧ ತಗಂಡು ಅರ್ಧ ಬಿಟ್ಟ."

ಅಜ್ಜಿ ನಕ್ಕರು. ಹಲ್ಲಿಲ್ಲದ ಬಾಯಿ.

"ಮಡ್ಲಕ್ಕಿ ಅರ್ಧ ಆದ್ರೆ ಶುಭ ಅಲ್ಲ ಅಂತ ನಮ್ಮತ್ತೆಗೆ ಸಿಟ್ಟು. ಸಾಯೋ ತನಕ ನನ್ನ ಹೆಸರು ಹಿಡಿದು ಕರೀಲಿಲ್ಲ. ಮೈಸೂರಾಕೆ, ಅರ್ಧ ಮಡ್ಲು ತಂದಾಕೆ ಅಂತಿದ್ಲು. ಆಮ್ಯಾಲೆ ಒಂದಿನ ನಾಕಾ ಕಿತ್ತು ಹಾಕಿದ್ರು. ಇನ್ನ ಎಲ್ಲ ಒಂದೇ ಸರ್ಕಾರ ಅಂದ್ರು. ನನ್ನ ಹೆಸರು ಮಾತ್ರ ಹಂಗೇ ಉಳೀತು."

ಅಂಗಡಿಯ ಅಜ್ಜ ಹೇಳಿದ ಮದರಾಸು ಯಾವುದು ಎಂದು ಆಗ ತಿಳಿಯಿತು. ಹಳ್ಳದ ಆ ದಡದವರಿಗೆ ಇವರು ಮದರಾಸಿನವರು, ಈ ದಡದವರಿಗೆ ಅವರು ಮೈಸೂರಿನವರು. ಅರ್ಧ ಗಂಟೆಯ ನಡಿಗೆ ಅಷ್ಟೇ. ನಾನು ಬರೆದುಕೊಂಡಿದ್ದ ಎರಡು ಸಾಲುಗಳೂ ನಿಜ, ಎರಡರಿಂದಲೂ ನಾನು ತಿಳಿದದ್ದು ಸುಳ್ಳು.

ಆದರೂ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಯಜಮಾನರು ಗಾರೆ ಕೆಲಸ ಮಾಡ್ತಿದ್ರಾ?" ಎಂದೆ.

"ಗಾರೆನಾ?" ಅಜ್ಜಿ ತಿರುಗಿ ತಮ್ಮ ಮನೆಯ ಮಣ್ಣಿನ ಗೋಡೆ ನೋಡಿದರು. "ನಮ್ಮ ಗೋಡೆಗೇ ಗಾರೆ ಕಂಡಿಲ್ಲ ಯವ್ವಾ. ಗೌಡ್ರ ಹೊಲ್ದಾಗೆ ದುಡಿದ್ರು, ಅಷ್ಟೇ. ಗಾರೆ ಅಂತ ಯಾರು ಹೇಳಿದ್ರು ನಿಂಗೆ?"

ಅಂಥ ಅರ್ಜಿ ಬಂದಿದೆ ಎಂದೆ.

ದುರುಗಪ್ಪ ನನ್ನನ್ನು ಊರಿನ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿನ ಮೇಷ್ಟ್ರು ಮೊದಲು ದಾಖಲೆ ತೋರಿಸಲು ಒಪ್ಪಲಿಲ್ಲ. ನನ್ನ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರಿಗೋ ಫೋನು ಮಾಡಿ ಖಾತ್ರಿ ಮಾಡಿಕೊಂಡು, ಆಮೇಲೆ ಬೀರು ತೆಗೆದರು. ಗೆದ್ದಲು ಅಂಚು ತಿಂದಿದ್ದ ಹಳೆಯ ದಾಖಲಾತಿ ಪುಸ್ತಕ. ಒಂದು ಪುಟದಲ್ಲಿ ಮೈಲಪ್ಪ, ತಂದೆ ದುರುಗ. ಪುಟದ ಮೇಲೆ ಮದರಾಸು ಎಂಬ ಅಚ್ಚು. ಕೆಲವು ಹಾಳೆ ಮಗುಚಿದರೆ ಇನ್ನೊಂದು ಪುಟದಲ್ಲಿ ಮೈಲಪ್ಪನ ಕಿರಿಯ ತಮ್ಮ, ತಂದೆಯ ಹೆಸರು ಅದೇ, ಜಾತಿ ಅದೇ. ಅಲ್ಲಿ ಮಾತ್ರ ಅಚ್ಚಿನ ಮದರಾಸನ್ನು ಯಾರೋ ಗೆರೆ ಎಳೆದು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ 'ಮೈಸೂರು' ಎಂದು ದುಂಡಗೆ ಬರೆದು ಸಹಿ ಮಾಡಿದ್ದರು. ಆ ಮೇಷ್ಟ್ರಿಗೆ ಹೊಸ ಪುಸ್ತಕ ಬರುವವರೆಗೆ ಕಾಯಲು ಆಗಿರಲಿಲ್ಲವೇನೋ. ಒಂದು ರಾಜ್ಯ ಹೋಗಿ ಇನ್ನೊಂದು ಬಂದದ್ದು ಆ ಒಂದು ಗೆರೆಯಲ್ಲಿತ್ತು. ಎರಡೂ ಪುಟಗಳ ಫೋಟೋ ತೆಗೆದುಕೊಂಡು, ದೃಢೀಕರಿಸಿದ ನಕಲು ಪಡೆದೆ.

ಮರಳುವ ಬಸ್ಸಿನಲ್ಲಿ ಮೂಗರ್ಜಿಯ ಪ್ರತಿಯನ್ನು ಮತ್ತೆ ತೆಗೆದು ಓದಿದೆ. ಆ ಊರಲ್ಲಿ ಯಾರಿಗೂ ಗೊತ್ತಿಲ್ಲದ, ಕಡತದಲ್ಲಿ ಎಲ್ಲೂ ಇಲ್ಲದ, ಕೆಂಚಜ್ಜಿ ಕೇಳಿ ಬೆರಗಾದ ಗಾರೆ ಕೆಲಸ ಇದರಲ್ಲಿ ಎಲ್ಲಿಂದ ಬಂತು? ಮೊದಲು ರುದ್ರಮುನಿಯವರ ಮೇಲೆ ಅನುಮಾನ ಹೋಯಿತು. ಅವರು ಬರೀ 'ಕೆಲಸಕ್ಕೆ' ಎಂದಿದ್ದರು. ಗಾರೆ ಎಂದದ್ದು ಯಾರು? ಬಸ್ಸು ಒಂದು ಉಬ್ಬಿಗೆ ಕುಕ್ಕಿ ಮುಂದಕ್ಕೆ ಹೋಯಿತು. ನ್ಯಾಮತಿಯ ಪಡಸಾಲೆ, ಮಂಡಕ್ಕಿಯ ತಟ್ಟೆ, ನನ್ನದೇ ದನಿ ಕಿವಿಯಲ್ಲಿ ಕೇಳಿತು. ಆ ಪದ ಈ ಭೂಮಿಯ ಮೇಲೆ ಒಂದೇ ಬಾಯಿಂದ ಹೊರಟದ್ದು, ಅದು ನನ್ನ ಬಾಯಿ.

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಅಕ್ಕನಿಗೆ ಫೋನು ಮಾಡಿದೆ.

"ಅವತ್ತು ನಾನು ಹೇಳಿದ್ದನ್ನ ಯಾರಿಗೆ ಹೇಳಿದೆ?"

"ಇವರ ದೊಡ್ಡಪ್ಪನ ಮೊಮ್ಮಗಳೂ ಅದೇ ನರ್ಸ್ ಲಿಸ್ಟಲ್ಲಿ ಇದಾಳೆ ಕಣೆ. ಮುಂದಿನ ಹೆಸರು ಅವಳದ್ದೇ ಅಂತೆ. ಆ ದೊಡ್ಡಪ್ಪನೂ ಅವತ್ತು ಅಲ್ಲೇ ಕೂತಿದ್ರಲ್ಲ."

"ಅವರೇ ಬರೆದ್ರಾ?"

"ನಂಗೇನು ಗೊತ್ತು? ನಮ್ಮನೇಲಿ ಕಳ್ಳರಿದಾರೆ ಅಂತೀಯಾ? ಮೋಸ ಅಂತ ಹೇಳಿದ್ದು ನೀನು. ನಿಜ ಅಲ್ಲ ಅಂದ್ಮೇಲೆ ಯಾಕೆ ಹೇಳಿದೆ?"

ಫೋನು ಇಟ್ಟಳು. ಆ ದಿನದಿಂದ ನಾವಿಬ್ಬರೂ ಮಾತಾಡುವಾಗ ಒಂದೊಂದು ಪದವನ್ನೂ ತೂಗಿ ಆಡುತ್ತೇವೆ. ಬರೆದವರು ಅವರೇ ಎಂಬುದಕ್ಕೆ ನನ್ನ ಹತ್ತಿರ ಇವತ್ತಿಗೂ ಪುರಾವೆಯಿಲ್ಲ. ಬೊಂಬಾಯಿ ಸೀಮೆಯಿಂದ ಬಂದ ಅತ್ತೆಯ ಮಾತಿಗೆ ನಕ್ಕವಳು, ಮದರಾಸು ಸೀಮೆಯ ಕಾಗದ ಕಂಡು ಏಕೆ ನಗಲಿಲ್ಲ ಎಂದು ಆ ವಾರವೆಲ್ಲ ನನ್ನನ್ನೇ ಕೇಳಿಕೊಂಡೆ. ಅತ್ತೆ ನಮ್ಮವರು. ಕಾಗದ ತಂದವರು ಬೆಂಚಿನ ಅಂಚಿನಲ್ಲಿ ಕೂರುವವರು. ಬೇರೆ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮಾರನೆಯ ದಿನ ವರದಿ ಬರೆದೆ. ಬಳ್ಳಾರಿ ಸೀಮೆ ಯಾವಾಗ ಯಾರ ಆಳ್ವಿಕೆಯಲ್ಲಿತ್ತು, ಹರಪನಹಳ್ಳಿ ತಾಲ್ಲೂಕು ಯಾವಾಗ ದಾವಣಗೆರೆಗೆ ಬಂತು, ಯಾವಾಗ ಬಳ್ಳಾರಿಗೆ ಮರಳಿತು, ಯಾವಾಗ ವಿಜಯನಗರಕ್ಕೆ ಸೇರಿತು, ಇವೆಲ್ಲ ಬದಲಾದಾಗಲೂ ಊರು ಹೇಗೆ ಅಲ್ಲಿಯೇ ಇತ್ತು ಎಂದು ಆರು ಪುಟ. ರುದ್ರಮುನಿಯವರು ಓದಿ ಬಾಗಿಲು ಮುಚ್ಚಿದರು.

"ಹೋದ ತಿಂಗಳು ಸಂಶಯ ಅಂತ ಬರೆದಾಕೆ ಇವತ್ತು ಸರಿ ಐತೆ ಅಂತೀಯ. ಊರಿಗೆ ಹೋಗಿ ಬಂದ್ಮೇಲೆ ಮನಸ್ಸು ಬದಲಾತು ಅಂದ್ರೆ ಜನ ಏನಂತಾರೆ ಗೊತ್ತೇನಮ್ಮ? ಅವ್ರು ಏನು ಕೊಟ್ರು ಅಂತಾರೆ."

"ಹುರುಳಿ ಕೇರ್ತಿದ್ರು ಸರ್. ಅದನ್ನೂ ಕೊಡಲಿಲ್ಲ."

ಅವರು ನಗಲಿಲ್ಲ. ನನ್ನ ಮೇಲೆ ಅವರಿಗೆ ಅನುಮಾನ ಶುರುವಾಗಿತ್ತು. ಆಮೇಲೆ ನನ್ನ ಕಡತಗಳನ್ನೆಲ್ಲ ಅವರು ಎರಡೆರಡು ಸಲ ನೋಡುತ್ತಿದ್ದರು. ನಾನು ಫೋನಿನಲ್ಲಿ ಮಾತಾಡುತ್ತಿದ್ದರೆ ಹತ್ತಿರ ಸುಳಿಯುತ್ತಿದ್ದರು. ಸಂಶಯದ ಕಣ್ಣು ಬೆನ್ನ ಮೇಲಿದ್ದರೆ ಹೇಗಿರುತ್ತದೆ ಎಂದು ಉಳಿದ ತಿಂಗಳುಗಳಲ್ಲಿ ಕಲಿತೆ. ನೀರು ಕುಡಿದರೂ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಶಾಲೆಯ ಪುಸ್ತಕದ ನಕಲು ನೋಡಿ ಸಾಹೇಬರು ಮಾತ್ರ ಮಾತಿಲ್ಲದೆ ಸಹಿ ಹಾಕಿದರು. ಗಡುವಿಗೆ ಎರಡು ದಿನ ಉಳಿದಿತ್ತು.

ಪತ್ರ ತೆಗೆದುಕೊಳ್ಳಲು ದುರುಗಪ್ಪ ಒಬ್ಬರೇ ಬಂದರು. ಊಟದ ಹೊತ್ತು, ಕಚೇರಿಯಲ್ಲಿ ಯಾರೂ ಇರಲಿಲ್ಲ. ಪತ್ರವನ್ನು ಬೆಳಕಿಗೆ ಹಿಡಿದು, ಮಗಳ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಬೆರಳಿಟ್ಟು ಓದಿದರು. ಒಂದು ಒತ್ತಕ್ಷರ ತಪ್ಪಿದೆಯೇನೋ ಎಂದು ನನ್ನಿಂದ ಎರಡು ಸಲ ಓದಿಸಿದರು. ನಂಬಿಕೆಯಾದ ಮೇಲೆ ಕವರಿನೊಳಗೆ ಇಟ್ಟುಕೊಂಡರು. ಹೋಗಲಿಲ್ಲ.

"ಆ ಅರ್ಜಿ ಯಾರದ್ದು ಅಂತ ಗೊತ್ತಾತೇನ್ರಿ?"

ನಾನು ಮೇಜಿನ ಮೇಲಿನ ಕಲ್ಲನ್ನು ಸರಿಸಿಟ್ಟೆ.

"ಯಾಕೆ ಕೇಳ್ತೀನಿ ಅಂದ್ರೆ, ಊರಾಗೆ ಮೂರು ಮಂದಿ ಜೊತೆ ಮಾತು ಬಿಟ್ಟೀನಿ. ಒಬ್ಬ ನನ್ನ ತಮ್ಮನ ಮಗನೇ. ಅವ್ನು ಸುಮಿತ್ರಾ ಜೊತೆ ಓದ್ದೋನು, ಕೆಲ್ಸ ಸಿಗ್ಲಿಲ್ಲ. ಅವನೇ ಹೊಟ್ಟೆಕಿಚ್ಚಿಗೆ ಬರೆದಾನೆ ಅಂತ ಮನೆ ಬಾಗ್ಲಾಗೆ ನಿಂತು ಬೈದು ಬಂದೀನಿ. ಆ ಹುಡುಗ ಅತ್ತ. ನಾನು ನಂಬ್ಲಿಲ್ಲ."

ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗ ಅತ್ತನೆಂದು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ನ್ಯಾಮತಿ, ಅಕ್ಕನ ಮನೆ, ಗಾರೆ ಕೆಲಸ ಎಂದು ನಾನೇ ಕಟ್ಟಿದ್ದು, ಅಲ್ಲಿ ಕೂತು ಕೇಳಿದವರ ಮೇಲೆ ನನಗಿರುವ ಸಂಶಯ, ಪುರಾವೆ ಇಲ್ಲದ್ದು. ದುರುಗಪ್ಪ ನನ್ನ ಮುಖವನ್ನೇ ನೋಡುತ್ತಾ ಕೇಳಿದರು. ಸಿಟ್ಟು ಮಾಡಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ.

"ಬರೆದು ಕೊಡ್ರಿ" ಎಂದರು.

"ಏನನ್ನ?"

"ಈಗ ಹೇಳಿದ್ರಲ್ಲ, ಅದನ್ನ. ನಾನು ಹೋಗಿ ಬಾಯಿ ಮಾತಿನಾಗೆ ಹೇಳಿದ್ರೆ ಅವ್ರು ನಂಬಾಕಿಲ್ಲ. ತಮ್ಮನ ಮಗನ ಕಾಲು ಹಿಡಿಯೋಕಾದ್ರೂ ನನ್ನ ಕೈಯಾಗೆ ಒಂದು ಕಾಗದ ಬೇಕು."

ಅದು ನನ್ನ ನೌಕರಿಗೇ ಕುತ್ತು ತರಬಹುದಾದ ಕಾಗದ. ಕಚೇರಿಯ ಗುಟ್ಟನ್ನು ಹೊರಗೆ ಹೇಳಿದೆ ಎಂದು ನನ್ನ ಕೈಬರಹದಲ್ಲೇ ಒಪ್ಪಿಕೊಳ್ಳಬೇಕು. ಈ ಮನುಷ್ಯ ಅದನ್ನು ನಾಳೆ ಯಾರಿಗೆ ತೋರಿಸುತ್ತಾನೋ ಎಂಬ ಅನುಮಾನ ಆ ಗಳಿಗೆಯಲ್ಲೂ ಬಂತು. ಆದರೂ ಬಿಳಿ ಹಾಳೆ ಎಳೆದುಕೊಂಡೆ. ಹೆಸರು ಬರೆದೆ, ಊರು ಬರೆದೆ, ಚನ್ನಗಿರಿ ತಾಲ್ಲೂಕು ಎಂದೂ ಬರೆದೆ. ಜಿಲ್ಲೆ ಎಂಬಲ್ಲಿ ಪೆನ್ನು ನಿಂತಿತು. ನಾನು ಹುಟ್ಟಿದಾಗ ನಮ್ಮ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಜನನ ಪತ್ರದಲ್ಲಿ ಹಾಗೇ ಇದೆ. ಈಗ ದಾವಣಗೆರೆ.

"ಯಾಕ್ರಿ ನಿಲ್ಸಿದ್ರಿ?"

ಹೇಳಿದೆ.

"ನೌಕರಿಗೆ ಸೇರುವಾಗ ನಿಮ್ಮನ್ನ ಯಾರೂ ಕೇಳ್ಲಿಲ್ವೇನ್ರಿ, ಎರಡು ಜಿಲ್ಲೆ ಯಾಕೈತೆ ಅಂತ?"

"ಇಲ್ಲ. ಯಾರೂ ಕೇಳಲಿಲ್ಲ."

ಅವರು ತಲೆಯಾಡಿಸಿದರು. "ಎರಡೂ ಬರೀರಿ. ಆಮ್ಯಾಲೆ ಯಾರಾದ್ರೂ ಅನುಮಾನ ಪಟ್ಟಾರು."

ಎರಡನ್ನೂ ಬರೆದೆ. ನಡೆದದ್ದೆಲ್ಲವನ್ನೂ ಬರೆದು, ಕೆಳಗೆ ಸಹಿ ಮಾಡಿ ತಾರೀಖು ಹಾಕಿದೆ. ದುರುಗಪ್ಪ ಅದನ್ನೂ ಬೆರಳಿಟ್ಟು ಓದಿ, ನಾಲ್ಕಾಗಿ ಮಡಚಿ, ಮದರಾಸಿನ ಕಾಗದದ ಜೊತೆಗೇ ಕವರಿಗೆ ಸೇರಿಸಿ, ಕೈ ಮುಗಿಯದೆ ಹೊರಟುಹೋದರು.

ಸುಮಿತ್ರಾ ಗಡುವಿನ ಕೊನೆಯ ದಿನ ಕೆಲಸಕ್ಕೆ ಹಾಜರಾದಳೆಂದು ಕೇಳಿದೆ. ತಡವಾದ್ದರಿಂದ ಹತ್ತಿರದ ಆಸ್ಪತ್ರೆಗಳೆಲ್ಲ ತುಂಬಿ, ಹೊನ್ನಾಳಿ ಕಡೆಯ ಒಂದು ಹಳ್ಳಿ ಸಿಕ್ಕಿತಂತೆ. ಮನೆಯಿಂದ ಅರ್ಧ ದಿನದ ದಾರಿ. ಆ ತಮ್ಮನ ಮಗ ದುರುಗಪ್ಪನನ್ನು ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ, ಕೇಳುವ ಮುಖವೂ ಇರಲಿಲ್ಲ. ವರ್ಷ ತುಂಬುತ್ತಿದ್ದಂತೆ ನಾನು ಅಲ್ಲಿಂದ ವರ್ಗ ಮಾಡಿಸಿಕೊಂಡೆ. ನಾನು ಬರೆದುಕೊಟ್ಟ ಆ ಕಾಗದ ಯಾವ ಮೇಲಧಿಕಾರಿಯ ಮೇಜಿಗೂ ಬಂದಿಲ್ಲ. ಬರಲಿಲ್ಲವೆಂದು ನಿಶ್ಚಿಂತೆಯಾಗಿ ಇರಲೂ ಆಗಿಲ್ಲ. ವಿಳಾಸವಿಲ್ಲದ ಲಕೋಟೆ ಕಚೇರಿಗೆ ಬಂದ ದಿನ ಮೊದಲು ಅಂಚೆ ಮುದ್ರೆ ಯಾವ ಊರಿನದೆಂದು ನೋಡುತ್ತೇನೆ, ಆಮೇಲಷ್ಟೇ ಒಡೆಯುತ್ತೇನೆ.